ನನ್ನನ್ನು ಬಿಡಿಸು

ಅಣ್ಣನ ಮಗಳು ಹತ್ತು ಗಂಟೆಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದಳು. ಒಂಬತ್ತೂವರೆಯಾದರೂ ಅಕ್ಷರದಕ್ಕ ಕಪಾಟಿನ ಬಾಗಿಲು ತೆರೆದುಕೊಂಡು ನಿಂತೇ ಇದ್ದಳು. ಯಾವುದನ್ನು ಉಟ್ಟುಕೊಳ್ಳುವುದು ಎಂಬುದು ಬರೀ ನೆಪ. ಅರವತ್ತೆಂಟನೆಯ ವಯಸ್ಸಿನಲ್ಲಿ ತನ್ನನ್ನು ಯಾರೋ ಕಂಡುಹಿಡಿದಿದ್ದಾರೆ, ಅದೂ ತಾನು ಎತ್ತಿ ಆಡಿಸಿದ ಹುಡುಗಿ. ಹಾಗೆ ಪತ್ತೆಯಾದ ಹೆಂಗಸು ಕಾಲೇಜಿನ ಸಭೆಗೆ ಯಾವ ಬಣ್ಣದಲ್ಲಿ ಹೋಗಬೇಕು ಎಂದು ಯಾರನ್ನು ಕೇಳುವುದು? ನೀಲಿ ತೀರಾ ಸಪ್ಪೆ. ಕೆಂಪು ಉಟ್ಟರೆ ಹೌದು ನಾನೇ ಎಂದು ಒಪ್ಪಿಕೊಂಡ ಹಾಗೆ. ಕೈ ಮಾತ್ರ ತನ್ನಷ್ಟಕ್ಕೆ ಒಂದೊಂದೇ ಬಟ್ಟೆ ಎತ್ತುತ್ತಾ, ಮಡಿಕೆ ಸರಿಮಾಡುತ್ತಾ, ಕೆಳಗಿನ ಖಾನೆಗೆ ಇಳಿದು, ಅಲ್ಲಿ ಹಾಸಿದ್ದ ದಪ್ಪ ಕಾಗದದ ಅಂಚನ್ನು ಮುಟ್ಟಿ, ಬಿಸಿ ಪಾತ್ರೆ ಮುಟ್ಟಿದ ಹಾಗೆ ಹಿಂದಕ್ಕೆ ಬರುತ್ತಿತ್ತು. ಆ ಕಾಗದವನ್ನು ಬೋರಲು ಹಾಕಿ ಮೂವತ್ತೊಂದು ವರ್ಷವಾಗಿತ್ತು. ನೋಡಿದವರಿಗೆ ಅದು ಹಳದಿಗಟ್ಟಿದ ಹಾಸು, ಅಷ್ಟೇ. ಎರಡು ತಿಂಗಳ ಹಿಂದೆ ಹುಡುಗಿ ಫೋನಿನಲ್ಲಿ, "ಅತ್ತೆ, ಮೂಲ ಪುಟ ಒಂದಾದ್ರೂ ಉಳ್ಕೊಂಡಿದ್ಯಾ ನಿನ್ನ ಹತ್ರ?" ಎಂದು ಕೇಳಿದಾಗ ಇವಳು ಇದೇ ಕಪಾಟನ್ನು ನೋಡುತ್ತಾ, "ಎಲ್ಲಿ ಬಂತು ಪುಟ್ಟಿ, ಎಲ್ಲಾ ಗೆದ್ದಲು ತಿಂದು ಹೋಯ್ತು" ಎಂದಿದ್ದಳು. ಸುಳ್ಳು ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದರೆ, ಮಾಡದ ತಪ್ಪಿಗೆ ಸಿಕ್ಕಿಬಿದ್ದ ಗೆದ್ದಲಿನ ಮೇಲೆ ಆಮೇಲೆ ಒಂದು ನಿಮಿಷ ನಿಜವಾಗಿಯೂ ಕನಿಕರವಾಯಿತು. ಆ ಸುಳ್ಳು ಈಗ ಬೆಳೆದು ಪುಸ್ತಕವಾಗಿತ್ತು. ಇವತ್ತು ಸಂಜೆ ಐದು ಗಂಟೆಗೆ ಅದು ಅಚ್ಚಿಗೆ ಹೋಗುತ್ತದೆ. ಮೊದಲ ಹಾಳೆಯಲ್ಲಿ ಒಂದು ಅರ್ಪಣೆ ಇರುತ್ತದೆ ಎಂದು ಹುಡುಗಿ ನಿನ್ನೆ ಫೋನಿನಲ್ಲಿ ಓದಿ ಹೇಳಿದ್ದಳು: ನನ್ನ ಅತ್ತೆಗೆ, ಗುಳ್ಳೆಯ ಬಾಲ ತಿರುಗಿಸಿದವಳಿಗೆ. ಅದನ್ನು ನಿಲ್ಲಿಸಬೇಕಾದರೆ ಐದರೊಳಗೆ ಬಾಯಿ ಬಿಡಬೇಕು. ಅಕ್ಷರದಕ್ಕ ಕೊನೆಗೆ ನೀಲಿಯನ್ನೇ ಉಟ್ಟಳು.

ಗುಳ್ಳೆಯೆಂದರೆ ಚಿತ್ರಕಥೆಯಲ್ಲಿ ಮಾತು ಬರೆಯುವ ಬಿಳಿ ಗುಳ್ಳೆ. ಬಾಲವೆಂದರೆ ಆ ಮಾತು ಯಾರದೆಂದು ತೋರಿಸಲು ಅವರ ಬಾಯಿಯತ್ತ ಎಳೆಯುವ ಚೂಪು. ಹದಿನಾಲ್ಕು ವರ್ಷ ಅವಳು ಮಾಡಿದ್ದು ಇಷ್ಟೇ ಕೆಲಸ: ಮಕ್ಕಳ ವಾರಪತ್ರಿಕೆಯೊಂದರ ಆಫೀಸಿನಲ್ಲಿ ಕೂತು, ಬೇರೆಯವರು ಹೆಣೆದ ಕಥೆಗೆ, ಬೇರೆಯವರು ಬರೆದ ಚಿತ್ರದ ಮೇಲೆ, ಬೇರೆಯವರು ಹೇಳಿದ ಮಾತನ್ನು ದುಂಡಗೆ ಬರೆದು, ಗುಳ್ಳೆಯ ಆಕಾರಕ್ಕೆ ಕತ್ತರಿಸಿ, ಗೋಂದು ಹಚ್ಚಿ ಅಂಟಿಸುವುದು. ಒತ್ತಕ್ಷರ ಕೆಳಗಿನ ಗೆರೆಗೆ ತಾಗಬಾರದು, ಗುಡಿಸು ಮೇಲಿನ ಸಾಲನ್ನು ಚುಚ್ಚಬಾರದು. ಆಫೀಸಿಗೆ ಆಫೀಸೇ ಅವಳನ್ನು ಅಕ್ಷರದಕ್ಕ ಎಂದಿತು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಸಂಪಾದಕರೂ ಅಕ್ಕ ಎಂದರು. ಪತ್ರಿಕೆಯ ಜೀವವೆಂದರೆ ಸಿಡಿಲುಗೈ. ಹಗಲು ಬೀದಿದೀಪ ರಿಪೇರಿ ಮಾಡುವ ಬಡಪಾಯಿ, ಆಪತ್ತಿನ ಕೂಗು ಕೇಳಿದ ಕೂಡಲೇ ಮುಷ್ಟಿಯಿಂದ ಮಿಂಚು ಹಾರಿಸುವ ವೀರ. ಕೂಗುವ ಕೆಲಸ ತಂತಿ ಆಫೀಸಿನ ಹುಡುಗಿಯದು. ಅವಳನ್ನು ವಾರಕ್ಕೊಬ್ಬ ಖಳ ಹೊತ್ತೊಯ್ದು ಕಂಬಕ್ಕೋ ಕುರ್ಚಿಗೋ ಗಡಿಯಾರದ ಗೋಪುರದ ಚಕ್ರಕ್ಕೋ ಕಟ್ಟಿಹಾಕುತ್ತಿದ್ದ. ನಾಲ್ಕನೆಯ ಪುಟದ ಕೊನೆಯ ಚೌಕದಲ್ಲಿ ಅವಳು "ಸಿಡಿಲುಗೈ, ನನ್ನನ್ನು ಬಿಡಿಸು!" ಎಂದು ಕೂಗುತ್ತಿದ್ದಳು, ಐದನೆಯ ಪುಟದಲ್ಲಿ ಅವನು ಗೋಡೆ ಒಡೆದು ಬಂದು ಬಿಡಿಸುತ್ತಿದ್ದ. ಬಾಗಿಲು ತೆರೆದಿದ್ದರೂ ಗೋಡೆಯನ್ನೇ ಒಡೆಯುತ್ತಿದ್ದ. ಈ ಒಂದು ಸಾಲನ್ನು ಅಕ್ಷರದಕ್ಕ ಏಳುನೂರು ಸಲ ಬರೆದಿರಬೇಕು. ಪತ್ರಿಕೆ ಮುಚ್ಚಿತು, ಓದಿದ ಮಕ್ಕಳು ದೊಡ್ಡವರಾಗಿ ಮರೆತರು, ತಾನೂ ಮರೆತೆ ಎಂದೇ ಅವಳು ಅಂದುಕೊಂಡಿದ್ದಳು. ಆಗ ಈ ಅಣ್ಣನ ಮಗಳು, ಕಾಲೇಜಿನಲ್ಲಿ ಪಾಠ ಹೇಳುವವಳು, ಹಳೆ ಪುಸ್ತಕದ ಅಂಗಡಿಯಿಂದ ಒಂದು ಕಟ್ಟು ಸಂಚಿಕೆ ಹೊತ್ತುಕೊಂಡು ಬಂದು, ಭೂತಗನ್ನಡಿ ಹಿಡಿದು ಕೂತಳು. ಅವಳಿಗೆ ಕಂಡದ್ದು ಇದು: ಸಾಲಾಗಿ ಹತ್ತೊಂಬತ್ತು ವಾರ ಆ ಗುಳ್ಳೆ ತಂತಿ ಹುಡುಗಿಯ ತಲೆಯ ಪಕ್ಕದಲ್ಲಿಲ್ಲ, ಸೊಂಟದ ಹತ್ತಿರಕ್ಕೆ ಇಳಿದಿದೆ. ಬಾಲ ಬಾಯಿಗೆ ಹೋಗದೆ ಮೊಣಕೈಗೆ ಅಂಟಿಕೊಂಡಿದೆ. ಅಂದರೆ ಕೂಗುತ್ತಿರುವುದು ಬಾಯಲ್ಲ, ಕಟ್ಟಿದ ಕೈ. ಹೆಣ್ಣಿಗೆ ಬಾಯಿ ಕೊಡದ ಕಥೆಯೊಳಗೆ ಅಕ್ಷರ ಬರೆಯುವ ಹೆಣ್ಣೊಬ್ಬಳು ಕದ್ದುಮುಚ್ಚಿ ಕೈಗೆ ಮಾತು ಕೊಟ್ಟಳು. ಇದು ಅಣ್ಣನ ಮಗಳ ಪುಸ್ತಕದ ತಿರುಳು.

"ಇದೇನತ್ತೆ ನೀಲಿ? ಇವತ್ತಾದ್ರೂ ಸ್ವಲ್ಪ ಮಿಂಚಬಾರದಾ?" ಹುಡುಗಿ ಬಾಗಿಲಲ್ಲೇ ಕೇಳಿದಳು. ಹೆಗಲಿಗೆ ಚೀಲ, ಚೀಲದಿಂದ ಹೊರಗೆ ಇಣುಕುವ ಅಚ್ಚಿನ ಕರಡು.

"ಮಿಂಚೋದು ಸಿಡಿಲುಗೈ ಕೆಲಸ ಕಣೇ. ನಂದು ಬರೀ ಗುಳ್ಳೆ."

"ನೋಡು, ಇದನ್ನೇ ನಾನು ಬರ್ದಿರೋದು. ನಂದು ಬರೀ ಗುಳ್ಳೆ ಅಂತ ಹೇಳ್ಕೊಂಡೇ ಅಷ್ಟೂ ಗಂಡಸರ ಕಣ್ಣಿಗೆ ಮಣ್ಣೆರಚಿದ್ದೀಯ ನೀನು."

ಬಸ್ಸಿನಲ್ಲಿ ಹುಡುಗಿ ಕಿಟಕಿಯ ಪಕ್ಕದ ಸೀಟನ್ನು ಅತ್ತೆಗೆ ಬಿಟ್ಟುಕೊಟ್ಟಳು. ಅಕ್ಷರದಕ್ಕ ಬೇಡವೆಂದಳು, ಗಾಳಿ ಆಗುವುದಿಲ್ಲ ಎಂದು ಹೇಳಿಕೊಂಡಳು. ಕಿಟಕಿಯೆಂದರೆ ಅವಳಿಗೆ ಇವತ್ತಿಗೂ ಆಫೀಸಿನ ಆ ಒಂದೇ ಕಿಟಕಿ. ಉಳಿದ ಮೇಜುಗಳಿಗೆಲ್ಲ ಕೊಳವೆ ದೀಪದ ಬೆಳಕು, ಆ ಮೇಜಿಗೆ ಮಾತ್ರ ಬಿಸಿಲು. ಅಲ್ಲಿ ಶಾಯಿಯವಳು ಕೂರುತ್ತಿದ್ದಳು. ಚಿತ್ರದ ಮೇಷ್ಟ್ರು ಪೆನ್ಸಿಲಿನಲ್ಲಿ ಬರೆದುಕೊಟ್ಟ ಪುಟಕ್ಕೆ ಕುಂಚದಿಂದ ಶಾಯಿ ತೀಡುವುದು ಅವಳ ಕೆಲಸ. ತೀಡಿದ ಮೇಲೆ ಪುಟ ಅಕ್ಷರದಕ್ಕನ ಮೇಜಿಗೆ ಬರುತ್ತಿತ್ತು. ಮೊಣಕೈವರೆಗೆ ಶಾಯಿ, ಕುಂಚದ ಹಿಂಬದಿಯಿಂದಲೇ ತಲೆ ಕೆರೆದುಕೊಳ್ಳುವುದು, ನಕ್ಕರೆ ಮೆಟ್ಟಿಲ ಕೆಳಗಿನ ಕಾವಲುಗಾರನಿಗೂ ಕೇಳಬೇಕು. "ವಾರಕ್ಕೊಂದ್ಸಲ ಕಟ್ಟಿಸ್ಕೊಳ್ಳೋಕೆ ಈ ಹುಡುಗಿ ತಂತಿ ಆಫೀಸಲ್ಲಿ ಏನಂತ ರಜಾ ಹಾಕ್ತಾಳಕ್ಕಾ?" ಎನ್ನುತ್ತಿದ್ದಳು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕ ಅಕ್ಷರದಕ್ಕನ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಬರೆಯುವಾಗ ಅದೊಂದು ನೆಟ್ಟಗೆ ಹೊರಗೆ ನಿಲ್ಲುತ್ತಿತ್ತು. ಮನೆಯಲ್ಲಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲು ಕಲಿಸಿದ್ದರು. ಶಾಯಿಯವಳು ಮಾತ್ರ, "ಮಹಾರಾಣಿಯವರು ಟೀ ಕುಡಿಯೋದಕ್ಕೆ ಹೊರಟ ಹಾಗಿದೆ" ಎಂದು ಎಲ್ಲರೆದುರು ಹೇಳಿ ನಗಿಸಿದಳು. ವಿಚಿತ್ರವೆಂದರೆ ಆ ದಿನದಿಂದ ಅಕ್ಷರದಕ್ಕ ಬೆರಳನ್ನು ಮುಚ್ಚಿಕೊಳ್ಳುವುದನ್ನು ಬಿಟ್ಟಳು. ಇಷ್ಟನ್ನು ಹುಡುಗಿಗೆ ಹೇಳಿಬಿಡಬಹುದಿತ್ತು. ಶಾಯಿಯವಳು ಅಂತ ಒಬ್ಬಳಿದ್ದಳು ಕಣೇ ಎಂದು ಶುರುಮಾಡಿದರೆ ಸಾಕಿತ್ತು, ಉಳಿದದ್ದು ತಾನಾಗಿ ಬರುತ್ತಿತ್ತು. ಹುಡುಗಿ ಕಿಟಕಿಯಾಚೆ ನೋಡುತ್ತಾ ಸಭೆಯಲ್ಲಿ ಆಡಬೇಕಾದ ಮಾತನ್ನು ತುಟಿಯಲ್ಲೇ ಒಪ್ಪಿಸಿಕೊಳ್ಳುತ್ತಿದ್ದಳು. ಚಿಕ್ಕವಳಿದ್ದಾಗ ಮಗ್ಗಿ ಹೇಳುವಾಗಲೂ ಹೀಗೇ. ಅಕ್ಷರದಕ್ಕ ಟಿಕೆಟನ್ನು ಸಣ್ಣಗೆ ಮಡಿಸಿ, ಇನ್ನೂ ಸಣ್ಣಗೆ ಮಡಿಸಿ, ಬಸ್ಸು ಇಳಿಯುವ ಹೊತ್ತಿಗೆ ಅದನ್ನು ಎಲ್ಲೋ ಕಳೆದುಕೊಂಡಿದ್ದಳು.

ಸಭೆಯೆಂದರೆ ಒಂದು ತರಗತಿ ಕೋಣೆ, ಮೂವತ್ತು ನಲವತ್ತು ಮಕ್ಕಳು, ಹಿಂದಿನ ಬೆಂಚಿನಲ್ಲಿ ಇಬ್ಬರು ಆಗಲೇ ತೂಕಡಿಸುತ್ತಿದ್ದರು. ವಿಭಾಗದ ಮುಖ್ಯಸ್ಥರು ಎದ್ದು, "ನಮ್ಮ ನಡುವೆ ಇವತ್ತು ಒಬ್ಬ ಹಿರಿಯ ಟೈಪಿಸ್ಟ್ ಇದ್ದಾರೆ" ಎಂದರು. ಹುಡುಗಿ ಪಕ್ಕದಿಂದ ಪಿಸುಗುಟ್ಟಿದಳು. "ಕ್ಷಮಿಸಿ, ಅಕ್ಷರ ಕಲಾವಿದೆ" ಎಂದು ತಿದ್ದಿಕೊಂಡರು, ತಿದ್ದುವಾಗ ಗಡಿಯಾರವನ್ನೂ ನೋಡಿದರು. ಅಕ್ಷರದಕ್ಕನಿಗೆ ಟೈಪಿಸ್ಟ್ ಎಂದದ್ದು ಅವಮಾನವೆನ್ನಿಸಲಿಲ್ಲ. ಕಲಾವಿದೆ ಎಂದಾಗಲೇ ಕುರ್ಚಿ ಚುಚ್ಚಿದ್ದು. ದೀಪ ಆರಿಸಿ ಗೋಡೆಯ ಮೇಲೆ ಚಿತ್ರ ಬಿಟ್ಟರು. ಆನೆಯಷ್ಟು ದೊಡ್ಡದಾಗಿ ತಂತಿ ಹುಡುಗಿ, ಕಂಬಕ್ಕೆ ಒರಗಿ ಓರೆಯಾಗಿ ನಿಂತವಳು; ಅವಳ ಸೊಂಟದ ಹಿಂದೆ, ಕೈಗಳಿರಬೇಕಾದ ಜಾಗದಲ್ಲಿ, ತನ್ನ ಗುಳ್ಳೆ. ಇಷ್ಟು ದೊಡ್ಡದಾಗಿ ತನ್ನ ಅಕ್ಷರವನ್ನು ಅವಳು ಎಂದೂ ನೋಡಿರಲಿಲ್ಲ. ಚೆನ್ನಾಗಿತ್ತು. ಇಂಥ ಹೊತ್ತಿನಲ್ಲೂ ಚೆನ್ನಾಗಿದೆ ಎಂದು ಅನ್ನಿಸಿತಲ್ಲ ಎಂದು ನಾಚಿಕೆಯಾಯಿತು. ಹುಡುಗಿ ಕತ್ತಲಲ್ಲಿ ಹೇಳುತ್ತಿದ್ದಳು, ಅವಳ ದನಿ ಬೇರೆಯದೇ ಆಗಿತ್ತು: "ಬಿಡಿಸು ಅನ್ನೋ ಪದವನ್ನ ಗಮನಿಸಿ. ಕಟ್ಟಿದ್ದನ್ನ ಬಿಡಿಸು. ಆದ್ರೆ ನಮ್ಮ ಭಾಷೆಯಲ್ಲಿ ಚಿತ್ರವನ್ನೂ ಬಿಡಿಸ್ತೀವಿ, ಒಗಟನ್ನೂ ಬಿಡಿಸ್ತೀವಿ. ಈ ಹುಡುಗಿ ಯಾರನ್ನ ಕೂಗ್ತಿದ್ದಾಳೆ? ಸಿಡಿಲುಗೈಯನ್ನ ಅಲ್ಲ. ಕುಂಚ ಹಿಡಿದವರನ್ನ. ನನ್ನನ್ನ ಸರಿಯಾಗಿ ಬಿಡಿಸು, ನಾನು ಇರೋ ಹಾಗೆ ಬಿಡಿಸು ಅಂತಿದ್ದಾಳೆ." ಯಾರೋ ಬರೆದುಕೊಳ್ಳುತ್ತಿದ್ದ ಪೆನ್ನಿನ ಸದ್ದು. ಅಕ್ಷರದಕ್ಕ ಕುರ್ಚಿಯ ತುದಿಗೆ ಸರಿದಳು. ಇಷ್ಟು ಹತ್ತಿರ ಬಂದಿದ್ದಾಳೆ, ಇನ್ನು ಒಂದು ಕಾಗದದ ದಪ್ಪದಷ್ಟು ಮಾತ್ರ ದೂರ.

ಆ ಹತ್ತೊಂಬತ್ತರಲ್ಲಿ ಮೊದಲ ವಾರ ಅಕ್ಷರದಕ್ಕ ಅದನ್ನು ತಪ್ಪೆಂದೇ ತಿಳಿದಿದ್ದಳು. ಪುಟ ಮೇಜಿಗೆ ಬಂದಾಗ ನೋಡುತ್ತಾಳೆ, ತಂತಿ ಹುಡುಗಿಯ ಕೈಗೆ ಸುತ್ತಿದ ಹಗ್ಗದ ಗಂಟು ಸಡಿಲಾಗಿದೆ, ತುದಿ ಕೆಳಗೆ ಜೋತುಬಿದ್ದಿದೆ. ಮೇಷ್ಟ್ರು ಪೆನ್ಸಿಲಿನಲ್ಲಿ ಬಿಗಿದದ್ದನ್ನು ಶಾಯಿಯವಳು ಕುಂಚದಲ್ಲಿ ಬಿಚ್ಚಿದ್ದಾಳೆ. ತಿರುಗಿ, ಕಿಟಕಿಯ ಕಡೆಗೆ ನಾಲ್ಕು ಹೆಜ್ಜೆ ಹಾಕಿ, "ಇದೇನೇ ಹೀಗಾಗಿದೆ?" ಎಂದು ಕೇಳಿದ್ದರೆ ಆಗಿತ್ತು. ಅಕ್ಷರದಕ್ಕ ಪುಟ ಎತ್ತಿಕೊಂಡು ಎಂಟು ಹೆಜ್ಜೆ ನಡೆದು ಸಂಪಾದಕರ ಕೋಣೆಗೆ ಹೋದಳು. ಯಾಕೆ ಹೋದೆ ಎಂದು ಎಷ್ಟು ಸಲ ಕೇಳಿಕೊಂಡರೂ ಹಿಂದೆಲ್ಲ ಬರುತ್ತಿದ್ದ ಉತ್ತರ ಒಂದೇ, ತಪ್ಪು ಕಂಡರೆ ಸುಮ್ಮನಿರಲಾರದ ಜಾಯಮಾನ ತನ್ನದು. ಇವತ್ತು ಈ ಕತ್ತಲಲ್ಲಿ, ತನ್ನ ಹೆಸರಿಗೆ ಗೌರವ ಸಲ್ಲುತ್ತಿರುವಾಗ, ಇನ್ನೊಂದು ಉತ್ತರ ತಾನಾಗಿ ಬಂದು ಪಕ್ಕದಲ್ಲಿ ಕೂತಿತು: ಹೊಟ್ಟೆಕಿಚ್ಚು. ಆ ಬಿಸಿಲಿನ ಮೇಲೆ, ಆ ನಗುವಿನ ಮೇಲೆ, ಯಾರೂ ಹೇಳದೆ ಒಂದು ಗಂಟನ್ನು ಬಿಚ್ಚುವ ಆ ಕೈಯ ಮೇಲೆ. "ಸಾರ್, ಹಗ್ಗ ನಾಲ್ಕನೇ ಪುಟದಲ್ಲೇ ಬಿಚ್ಚಿಹೋಗಿದೆ" ಎಂದಳು. ಸಂಪಾದಕರು ಮೊದಲು ನಕ್ಕರು. "ಹಾಗಾದ್ರೆ ಐದನೇ ಪುಟದಲ್ಲಿ ಸಿಡಿಲುಗೈ ಬಂದು ಏನು ಮಾಡ್ಬೇಕು, ಮೈ ಪರಚ್ಕೋಬೇಕಾ?" ಆಮೇಲೆ ನಗು ನಿಲ್ಲಿಸಿದರು. ತಿದ್ದಿಸಲು ಹೊತ್ತಿಲ್ಲ, ಅಚ್ಚಿಗೆಂದು ಪುಟದ ಫೋಟೋ ತೆಗೆಯುವ ಕ್ಯಾಮೆರಾ ಕೋಣೆಯವರು ಕಾಯುತ್ತಿದ್ದಾರೆ. "ಅದರ ಮೇಲೆ ಗುಳ್ಳೆ ಕೂರಿಸಿಬಿಡಿ ಅಕ್ಕ. ಕೈ ಕಾಣ್ದಿದ್ರೆ ಆಯ್ತಲ್ಲ. ಬಾಲವನ್ನ ಮಾತ್ರ ಎದೆ ಮೇಲೆ ಎಳೀಬೇಡಿ, ಮಕ್ಕಳ ಪತ್ರಿಕೆ." ಅದಕ್ಕಾಗಿ ಬಾಲ ಮೊಣಕೈಗೆ ಹೋಯಿತು. ಈಗ ಅದೇ ಬಾಲವನ್ನು ಹುಡುಗಿ ಉದ್ದನೆಯ ಕೋಲಿನಿಂದ ಮುಟ್ಟಿ ತೋರಿಸುತ್ತಿದ್ದಳು.

ಎರಡನೆಯ ವಾರ ಗಂಟು ಪೂರ್ತಿ ಬಿಚ್ಚಿತ್ತು. ಆಗಲೂ ಹೋಗಿ ಹೇಳಿದಳು. ಮೂರನೆಯ ವಾರ ಹೇಳಲು ಹೋಗಲಿಲ್ಲ, ತಾನೇ ಮುಚ್ಚಿದಳು. ಯಾರೂ ಕೇಳದೆಯೂ ಮುಚ್ಚಬಲ್ಲೆ ಎಂದು ಗೊತ್ತಾದ ವಾರ ಅದು. ಶಾಯಿಯವಳ ಜೊತೆ ಟೀ ಕುಡಿಯುತ್ತಿದ್ದಳು, ಅವಳ ಮಾತಿಗೆ ನಗುತ್ತಿದ್ದಳು, ಕುಡಿದ ಲೋಟ ತೊಳೆದಿಟ್ಟು ಬಂದು ಅವಳು ಬಿಚ್ಚಿದ ಕೈಗಳ ಮೇಲೆ ಗೋಂದು ಹಚ್ಚುತ್ತಿದ್ದಳು. ಅಚ್ಚಾದ ಪತ್ರಿಕೆಯನ್ನು ಆಫೀಸಿನಲ್ಲಿ ಯಾರೂ ತೆರೆದು ನೋಡುತ್ತಿರಲಿಲ್ಲ. ಅಡುಗೆ ಮಾಡಿದವರಿಗೆ ಹಸಿವು ಸತ್ತುಹೋಗುವ ಹಾಗೆ. ಏಳನೆಯ ವಾರ ಶಾಯಿಯವಳು ಹಲ್ಲು ಕೀಳಿಸಲು ಹೋಗಿದ್ದ ಕಡೆ ಕಾಯುವ ಬೆಂಚಿನ ಮೇಲೆ ಹಳೆಯ ಸಂಚಿಕೆಗಳನ್ನು ನೋಡಿದಳು. ಮಾರನೆಯ ದಿನ ಕೆನ್ನೆ ಊದಿಸಿಕೊಂಡೇ ಬಂದು ಅಕ್ಷರದಕ್ಕನ ಮೇಜಿನ ಎದುರು ನಿಂತಳು. ಬೈಯಲಿಲ್ಲ. "ಚೆನ್ನಾಗಿ ಮುಚ್ಚಿದ್ದೀಯ ಅಕ್ಕ. ಗೆರೆ ಒಂಚೂರು ಆಚೆ ಈಚೆ ಹೋಗಿಲ್ಲ" ಎಂದಳು. ಅದರಲ್ಲಿ ವ್ಯಂಗ್ಯವಿತ್ತೇ, ಕೆಲಸಗಾರ್ತಿಯೊಬ್ಬಳು ಇನ್ನೊಬ್ಬಳಿಗೆ ಕೊಡುವ ಮೆಚ್ಚುಗೆಯಿತ್ತೇ, ಊದಿದ ಕೆನ್ನೆಯಲ್ಲಿ ತಿಳಿಯಲಿಲ್ಲ. ಇನ್ನು ನಿಲ್ಲಿಸುತ್ತಾಳೆ ಎಂದುಕೊಂಡರೆ ನಿಲ್ಲಿಸಲಿಲ್ಲ. ಮುಂದಿನ ಪುಟ ಬಂತು, ಅದರಲ್ಲೂ ಕೈ ಬಿಚ್ಚಿತ್ತು. ಮತ್ತೆ ಹನ್ನೆರಡು ವಾರ ಅವಳು ಬಿಚ್ಚಿದಳು, ಇವಳು ಮುಚ್ಚಿದಳು. ಕೊನೆಕೊನೆಗೆ ಅಕ್ಷರದಕ್ಕ ಕೆಳಗೇನಿದೆ ಎಂದು ನೋಡುವುದನ್ನೇ ಬಿಟ್ಟಳು. ಗೋಡೆಯ ಕಡೆ ಮುಖ ಮಾಡಿ, ಗೋಂದು ಹಚ್ಚಿದ ಗುಳ್ಳೆಯನ್ನು ಅಂದಾಜಿನ ಮೇಲೆ ಇಟ್ಟು ಹೆಬ್ಬೆರಳಿನಿಂದ ಒತ್ತುವುದು. ಹತ್ತೊಂಬತ್ತನೆಯ ವಾರ ಮುಗಿದ ಮೇಲೆ, ಗುಳ್ಳೆ ಇನ್ನೂ ಸೊಂಟದ ಹತ್ತಿರವೇ ಇರುವುದನ್ನು ಕಂಡ ಸಂಪಾದಕರು ಶಾಯಿಯವಳನ್ನು ಕರೆದು, ನಿನ್ನ ಕೈಚಳಕ ನಮ್ಮ ಪತ್ರಿಕೆಗೆ ಜಾಸ್ತಿಯಾಯಿತು ಎಂದು ಹೇಳಿ ಕಳಿಸಿದರು. ಅವಳು ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಡುವಾಗ ಅಕ್ಷರದಕ್ಕ ನಲ್ಲಿಯ ಹತ್ತಿರ ನಿಂತು ಆಗಲೇ ತೊಳೆದ ಪೆನ್ನುಗಳನ್ನು ಮತ್ತೆ ತೊಳೆಯುತ್ತಿದ್ದಳು. ಸೋಮವಾರ ಬಂದಾಗ ಕಿಟಕಿಯ ಮೇಜು ಖಾಲಿಯಿತ್ತು. "ನೀವೇ ಕೂತ್ಕೊಳ್ಳಿ ಅಕ್ಕ, ಕಣ್ಣಿಗೆ ಒಳ್ಳೇದು" ಎಂದರು ಸಂಪಾದಕರು. ಕೂತಳು. ಆರು ವರ್ಷ ಕೂತಳು.

"ಮೇಡಂ, ಒಂದು ಪ್ರಶ್ನೆ." ದೀಪ ಹತ್ತಿತ್ತು. ಮುಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಿದ್ದಳು, ಕಣ್ಣಲ್ಲಿ ಆಸೆ ತುಂಬಿಕೊಂಡು. "ಆ ಗುಳ್ಳೇನ ಕೈ ಹತ್ರ ಹಾಕಿದ್ದು, ಬಾಲ ತಿರುಗಿಸಿದ್ದು, ನೀವು ಬೇಕಂತಲೇ ಮಾಡಿದ್ದಾ? ಇಲ್ಲಾ ಜಾಗ ಇಲ್ಲದೆ ಹಾಗಾಯ್ತಾ?"

ಅಣ್ಣನ ಮಗಳು ತಿರುಗಿ ಅತ್ತೆಯನ್ನು ನೋಡಿದಳು. "ಹೇಳಿ, ನೀವೇ ಹೇಳಿ" ಎಂದಳು. ಮನೆಯಲ್ಲಿ ನೀನು ಎನ್ನುವವಳು ಎಲ್ಲರೆದುರು ನೀವು ಎಂದದ್ದು ಅಕ್ಷರದಕ್ಕನಿಗೆ ಹೊಸ ಬಟ್ಟೆಯ ಹಾಗೆ ಬಿಗಿಯಾಯಿತು.

"ಬೇಕಂತಲೇ" ಎಂದಳು ಅಕ್ಷರದಕ್ಕ. "ಹತ್ತೊಂಬತ್ತು ವಾರವೂ ಬೇಕಂತಲೇ ಮಾಡಿದ್ದು."

ಚಪ್ಪಾಳೆ ಬಂತು. ಹಿಂದಿನ ಬೆಂಚಿನ ಇಬ್ಬರು ಬೆಚ್ಚಿ ಎದ್ದು ಅವರೂ ತಟ್ಟಿದರು. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕರಡು ತಿದ್ದುವವರಿಗೆ ಇದು ಗೊತ್ತು: ಅಕ್ಷರಗಳೆಲ್ಲ ಸರಿಯಾಗಿರುವ ತಪ್ಪನ್ನು ಹಿಡಿಯುವುದೇ ಕಷ್ಟ. ಆಮೇಲೆ ಬಿಸ್ಕತ್ತು, ಕಾಗದದ ಲೋಟದಲ್ಲಿ ಟೀ, ಒಬ್ಬಿಬ್ಬರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಅವಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಈ ಕೈ ಅಲ್ವಾ ಮೇಡಂ" ಎಂದಳು. ಅಕ್ಷರದಕ್ಕ ಎಷ್ಟೋ ವರ್ಷದ ಮೇಲೆ ಕಿರುಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಮನೆ ತಲುಪುವಾಗ ಮೂರು ಗಂಟೆ. ಹುಡುಗಿ ಚಪ್ಪಲಿ ಬಿಟ್ಟು ಕಾಲು ಚಾಚಿ ಕೂತು, ಚೀಲದಿಂದ ತೆಳ್ಳಗಿನ ಕರಡು ತೆಗೆದು ಅತ್ತೆಯ ಮುಂದಿಟ್ಟಳು. "ಐದಕ್ಕೆ ಕೊಟ್ಬಿಡ್ಬೇಕು. ಒಂದ್ಸಲ ಕಣ್ಣಾಡಿಸು. ನಿನ್ನ ಕಣ್ಣಿಗೆ ಬಿದ್ದ ತಪ್ಪು ಯಾವತ್ತಾದ್ರೂ ತಪ್ಪಿಸ್ಕೊಂಡಿದ್ಯಾ?" ಅಕ್ಷರದಕ್ಕ ಕೆಂಪು ಪೆನ್ಸಿಲು ಚೂಪು ಮಾಡಿಕೊಂಡಳು. ಕನ್ನಡಕ ಏರಿಸಿದಳು. ಕೊನೆಯ ಹಾಳೆಯಿಂದ ಶುರುಮಾಡಿದಳು, ಅದು ಅವಳ ಹಳೆಯ ರೂಢಿ, ಹಿಂದಿನಿಂದ ಓದಿದರೆ ಅರ್ಥ ಅಡ್ಡ ಬರುವುದಿಲ್ಲ. ಒಂದು ಕಡೆ ಶಕಾರ ಷಕಾರವಾಗಿತ್ತು, ತಿದ್ದಿದಳು. ಇನ್ನೊಂದು ಕಡೆ ಒತ್ತು ಬಿಟ್ಟುಹೋಗಿತ್ತು. ಹುಡುಗಿ ಬರೆದದ್ದು ಚೆನ್ನಾಗಿತ್ತು. ಎಲ್ಲೂ ಜಂಬವಿರಲಿಲ್ಲ, ಪ್ರೀತಿಯಿತ್ತು, ಯಾರ ಕಣ್ಣಿಗೂ ಬೀಳದ ಕೆಲಸ ಮಾಡಿದವರ ಬಗ್ಗೆ ಸಿಟ್ಟು ತುಂಬಿದ ಪ್ರೀತಿ. ಅಷ್ಟನ್ನೂ ಓದುತ್ತಾ ಬಂದು ಅವಳು ಮೊದಲ ಹಾಳೆ ಮುಟ್ಟಿದಳು. ಪೆನ್ಸಿಲು ನಿಂತಿತು.

"ಇಲ್ಲೊಂದು ತಪ್ಪಿದೆ."

"ಯಾವ ಅಕ್ಷರ?"

"ಅಕ್ಷರ ಸರಿಯಾಗೇ ಇದೆ."

ಅವಳು ಎದ್ದು ಕಪಾಟಿನ ಹತ್ತಿರ ಹೋದಳು. ಕೆಳಗಿನ ಖಾನೆಯ ಬಟ್ಟೆಯನ್ನೆಲ್ಲ ಎತ್ತಿ ಹಾಸಿಗೆಯ ಮೇಲೆ ಒಟ್ಟಿದಳು, ಬೆಳಗ್ಗೆ ಬೇಡವೆಂದ ಕೆಂಪನ್ನೂ ಸೇರಿಸಿ. ಕಾಗದ ಮರಕ್ಕೆ ಸ್ವಲ್ಪ ಹಿಡಿದುಕೊಂಡಿತ್ತು, ಉಗುರು ತೂರಿಸಿ ಎಬ್ಬಿಸಿದಳು. ತಂದು ಕರಡಿನ ಪಕ್ಕದಲ್ಲಿ ಹೊರಳಿಸಿ ಇಟ್ಟಳು. ಅಚ್ಚಿನ ಪುಟಕ್ಕಿಂತ ಎರಡು ಪಟ್ಟು ದೊಡ್ಡ ಹಾಳೆ. ಶಾಯಿ ಇವತ್ತು ತೀಡಿದ ಹಾಗೆ ಕಪ್ಪಗಿತ್ತು. ಹುಡುಗಿ ಕಾಲು ಮಡಚಿಕೊಂಡು ಎದ್ದು ಕೂತಳು.

"ಗೆದ್ದಲು ತಿಂತು ಅಂದಿದ್ದೆ?"

"ಗೆದ್ದಲು ನಾನೇ ಪುಟ್ಟಿ."

ಹೇಳಿದಳು. ಹಗ್ಗ, ಗಂಟು, ಎಂಟು ಹೆಜ್ಜೆ, ಹಲ್ಲಿನ ಡಾಕ್ಟರ ಬೆಂಚು, ನಲ್ಲಿ, ಕಿಟಕಿ. ಹೊಟ್ಟೆಕಿಚ್ಚನ್ನೂ ಹೇಳಿದಳು, ಅದನ್ನು ಹೇಳುವಾಗ ಮಾತ್ರ ದನಿ ಒಂದಿಷ್ಟು ಕುಗ್ಗಿತು. ಪತ್ರಿಕೆ ಮುಚ್ಚಿದ ದಿನ ಹಳೆಯ ಪುಟಗಳನ್ನೆಲ್ಲ ಅಂಗಳದಲ್ಲಿ ರದ್ದಿಗೆಂದು ಒಟ್ಟಿದ್ದರು. ಎಲ್ಲರೂ ಗಡಿಯಾರ, ಫ್ಯಾನು ಎಂದು ಏನೇನೋ ಕೇಳಿ ತೆಗೆದುಕೊಂಡರೆ ನಾನು ಅರ್ಧ ದಿನ ಹುಡುಕಿ ಈ ಒಂದು ಹಾಳೆಯನ್ನು ತಂದೆ, ಶಾಯಿಯವಳ ಕೊನೆಯ ಪುಟ ಇದು, ಕಪಾಟಿಗೆ ಹಾಸಲು ಗಟ್ಟಿ ಕಾಗದ ಎಂದು ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ ಎಂದಳು. ಹುಡುಗಿ ಕೇಳುತ್ತಾ ಕೇಳುತ್ತಾ ಬಿಳಿಚಿಕೊಂಡಳು.

"ಅಂದ್ರೆ ನಾನು ಬರ್ದಿದ್ದೆಲ್ಲ ಸುಳ್ಳಾ? ಅಷ್ಟು ಜನರ ಮುಂದೆ ಬೇಕಂತಲೇ ಮಾಡಿದೆ ಅಂದ್ಯಲ್ಲತ್ತೆ. ನಾನು ಅಲ್ಲೇ ನಿಂತಿದ್ದೆ."

"ನೀನು ಬರ್ದಿದ್ದು ಸರಿಯಾಗಿದೆ. ಹೆಸರು ತಪ್ಪಿದೆ."

"ಅವ್ರು ಬದುಕಿದ್ದಾರಾ?"

"ಗೊತ್ತಿಲ್ಲ. ಒಂದಿನ ಕೇಳಿದವಳಲ್ಲ ನಾನು."

ಹುಡುಗಿ ಸಿಟ್ಟಿನಿಂದ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಪಾತ್ರೆಯ ಸದ್ದು, ನಲ್ಲಿಯ ಸದ್ದು. ಅವಳು ಹೊರಟೇ ಹೋಗುತ್ತಾಳೆ ಎಂದುಕೊಂಡು ಅಕ್ಷರದಕ್ಕ ಮೇಜಿನ ಅಂಚನ್ನು ಹಿಡಿದುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಬಂತು. "ಆ ಹಾಳೆ ತಗೊಂಡು ಬಾ. ನೀರು ಕುದೀತಿದೆ. ಗೋಂದು ಅಂದ್ಯಲ್ಲ, ಹಬೆ ಹಿಡಿದ್ರೆ ಏಳುತ್ತೆ."

ಇಬ್ಬರೂ ಹಾಳೆಯ ಎರಡು ತುದಿ ಹಿಡಿದುಕೊಂಡು ಕೆಟಲಿನ ಮೂತಿಯ ಎದುರು ನಿಂತರು. ಹಬೆ ಗುಳ್ಳೆಯ ಮೇಲೆ ಹರಡಿತು. ಸಿಡಿಲುಗೈ, ನನ್ನನ್ನು ಬಿಡಿಸು: ಅಕ್ಷರಗಳು ಒದ್ದೆಯಾದವು, ಅಳಿಸಲಿಲ್ಲ, ಒಳ್ಳೆಯ ಶಾಯಿ. ಅಂಚು ಒಂದು ಕಡೆ ಸುರುಳಿಯಾಗತೊಡಗಿತು.

"ನಿಧಾನ" ಎಂದಳು ಹುಡುಗಿ. "ಹರೀಬಾರದು. ನೀನೇ ಬಿಡಿಸು."

ಅಕ್ಷರದಕ್ಕ ಉಗುರಿನಿಂದ ಅಂಚನ್ನು ಎತ್ತಿದಳು. ಮೂವತ್ತೇಳು ವರ್ಷದ ಗೋಂದು ಒಂದು ಸಣ್ಣ ಸದ್ದು ಮಾಡಿ ಬಿಟ್ಟಿತು. ಗುಳ್ಳೆಯ ಬೆನ್ನಿನಲ್ಲಿ ಕಂದಾಗಿ ಅವಳದೇ ಹೆಬ್ಬೆರಳ ಗುರುತು. ಕೆಳಗೆ ಹಗ್ಗವಿರಲಿಲ್ಲ. ಸಡಿಲಾದ ಗಂಟೂ ಇರಲಿಲ್ಲ. ಎರಡು ಕೈಗಳಿದ್ದವು, ಅಷ್ಟೇ. ಎಡಗೈ ಕಂಬದ ಮೇಲೆ ಹಗುರವಾಗಿ ಊರಿತ್ತು. ಬಲಗೈಯಲ್ಲಿ ಅಕ್ಷರ ಬರೆಯುವ ಪೆನ್ನಿತ್ತು. ನಾಲ್ಕು ಬೆರಳು ಅದನ್ನು ಹಿಡಿದಿದ್ದವು, ಕಿರುಬೆರಳು ಮಾತ್ರ ನೆಟ್ಟಗೆ ಹೊರಗೆ ನಿಂತಿತ್ತು.

"ಇದು ಯಾರ ಕೈ ಅತ್ತೆ? ಇದು ತಂತಿ ಹುಡುಗಿದಲ್ಲ" ಎಂದ ಹುಡುಗಿ, ಒದ್ದೆ ಗುಳ್ಳೆಯನ್ನು ಹಿಡಿದಿದ್ದ ಅತ್ತೆಯ ಕೈಯನ್ನೂ ಹಾಳೆಯನ್ನೂ ತಿರುತಿರುಗಿ ನೋಡಿದಳು.

ಆ ವಾರ ಅಕ್ಷರದಕ್ಕ ನೋಡಿರಲಿಲ್ಲ. ಮುಚ್ಚಿಯೇ ಮುಚ್ಚುತ್ತಾಳೆ ಎಂದು ಗೊತ್ತಿದ್ದೂ, ಮುಚ್ಚುವ ಮೊದಲು ಒಂದು ಕ್ಷಣವಾದರೂ ನೋಡುತ್ತಾಳೆ ಎಂದು ನಂಬಿ, ಶಾಯಿಯವಳು ಲೋಕದಲ್ಲಿ ಒಬ್ಬಳೇ ಒಬ್ಬಳು ಓದುಗಾರ್ತಿಗಾಗಿ ಬಿಡಿಸಿದ್ದ ಚಿತ್ರ ಅದು. ಆ ಓದುಗಾರ್ತಿ ಗೋಡೆಯ ಕಡೆ ಮುಖ ಮಾಡಿಕೊಂಡು ಹೆಬ್ಬೆರಳು ಒತ್ತಿದ್ದಳು. ಅಕ್ಷರದಕ್ಕನಿಗೆ ಅಳು ಬಂತು. ತಡೆದುಕೊಳ್ಳಲಿಲ್ಲ. ಹುಡುಗಿ ಒಲೆ ಆರಿಸಿ, ಹಾಳೆಯನ್ನು ಬಟ್ಟೆಯಿಂದ ಒತ್ತಿ ಒಣಗಿಸಿ, ಅತ್ತೆಯ ಭುಜ ಹಿಡಿದು ಹೊರಗೆ ಕರೆತಂದು ಕೂರಿಸಿದಳು. ನಾಲ್ಕೂ ಕಾಲಾಗಿತ್ತು.

"ಈಗ ಏನಂತ ಬರೀಲಿ ಹೇಳು. ಹೊತ್ತಾಯ್ತು."

"ಮುಚ್ಚಿದವಳು ನಾನು ಅಂತ ಒಳಗೆ ಬರಿ. ಎಂಟು ಹೆಜ್ಜೆ ನಡೆದಿದ್ದನ್ನೂ ಬರಿ. ಮೊದಲನೇ ಹಾಳೆ ಇಲ್ಲಿ ಕೊಡು."

ಅಕ್ಷರದಕ್ಕ ಕಣ್ಣು ಒರೆಸಿಕೊಂಡು ಕೆಂಪು ಪೆನ್ಸಿಲು ತೆಗೆದುಕೊಂಡಳು. ಅರ್ಪಣೆಯ ಸಾಲಿನ ಮೇಲೆ ಒಂದು ನೇರ ಗೆರೆ ಎಳೆದಳು. ಕೆಳಗೆ, ಮೂವತ್ತೇಳು ವರ್ಷ ಬಾಯಲ್ಲಿ ಆಡದ ಶಾಯಿಯವಳ ಹೆಸರನ್ನು ಪೂರ್ತಿಯಾಗಿ, ಒತ್ತು ಗೆರೆಗೆ ತಾಗದ ಹಾಗೆ ದುಂಡಗೆ ಬರೆದು, ಅದರ ಮುಂದೆ "ಬಿಡಿಸಿದವಳಿಗೆ" ಎಂದು ಸೇರಿಸಿದಳು. ಕೈ ನಿಲ್ಲಲಿಲ್ಲ, ರೂಢಿಯ ಮೇಲೆ ಅಕ್ಷರಗಳ ಸುತ್ತ ಗುಳ್ಳೆ ಬರೆಯಿತು. ಬಾಲಕ್ಕೆ ಬಂದಾಗ ಪೆನ್ಸಿಲು ಸ್ವಲ್ಪ ಹೊತ್ತು ತಡೆಯಿತು. ಆಮೇಲೆ ಅವಳು ಅದನ್ನು ಹಾಳೆಯ ಅಂಚಿನವರೆಗೆ, ತಾನು ಕೂತಿದ್ದ ಕಡೆಗೆ, ಎಳೆದಳು.